ಓಬಿ: ನಡುವಿಗೆ ಸುತ್ತಿದ ಪಟ್ಟಿ, ಊರೆಲ್ಲ ಹರಡಿದ ಹೆಸರು

ಜಪಾನಿನಲ್ಲಿದ್ದೇನೆ ಅಂದ ಕೂಡಲೇ ಊರಿನ ಕಡೆಯವರು ಕೇಳುವುದು ಕಿಮೊನೊ ಬಗ್ಗೆ. "ಒಂದ್ಸಲನಾದ್ರೂ ಉಟ್ಯಾ?" ಉಟ್ಟಿದ್ದೇನೆ. ಆದರೆ ನನ್ನ ಮನಸ್ಸು ನಿಂತಿರುವುದು ಅದರ ನಡುವಿಗೆ ಸುತ್ತುವ ಓಬಿಯ ಮೇಲೆ. ಹಬ್ಬ, ಮದುವೆಗಳಿಗೆ ಹೆಂಗಸರು ಕಟ್ಟುವ ಓಬಿ ಸುಮಾರು 30 ಸೆಂಟಿಮೀಟರ್ ಅಗಲ, ನಾಲ್ಕು ಮೀಟರಿಗೂ ಜಾಸ್ತಿ ಉದ್ದ. ಕಿಮೊನೊ ಸಾದಾ ಇದ್ದರೂ ಓಬಿ ಚೆನ್ನಾಗಿದ್ದರೆ ಸಾಕು, ನೋಡುವವರ ಕಣ್ಣು ಅಲ್ಲೇ ಹೋಗುತ್ತದೆ.

ಓಬಿ ಎನ್ನುವ ಹೆಸರು ಹುಟ್ಟಿದ್ದು ಒಂದು ಕ್ರಿಯಾಪದದಿಂದ. ಈಗಿನ ಜಪಾನಿಯಲ್ಲಿ ಅದು 'ಓಬಿರು'. ಸೊಂಟಕ್ಕೆ ಕಟ್ಟಿಕೊಳ್ಳುವುದು, ಮೈಮೇಲೆ ಧರಿಸುವುದು ಎಂದು ಅರ್ಥ. ಸಮುರಾಯಿ ಕತ್ತಿ ಸಿಕ್ಕಿಸಿಕೊಳ್ಳುವುದಕ್ಕೂ ಇದೇ ಮಾತು. ಒಬ್ಬರು ಜವಾಬ್ದಾರಿ ಹೊತ್ತರೂ 'ಓಬಿರು', ಬಣ್ಣದಲ್ಲಿ ತುಸು ಕೆಂಪು ಕಂಡರೂ 'ಓಬಿರು'.

ಬರೆಯುವ ಅಕ್ಷರ ಚೀನಾದಿಂದ ಬಂದದ್ದು. ಬೇರೆ ಅಕ್ಷರಗಳ ಜೊತೆ ಸೇರಿದಾಗ ಅದನ್ನು 'ತಾಯ್' ಎಂದು ಓದುತ್ತಾರೆ. ಇಲ್ಲಿ ಮೊಬೈಲ್ ಫೋನಿಗೆ 'ಕೇತಾಯ್' ಅನ್ನುತ್ತಾರಲ್ಲ, ಅದರ ಕೊನೆಯಲ್ಲಿ ಇರುವುದು ಇದೇ ಅಕ್ಷರ. ಜೊತೆಯಲ್ಲಿ ಒಯ್ಯುವಂಥದ್ದು ಎಂದು ಅರ್ಥ. ಉಷ್ಣವಲಯ 'ನೆತ್ತಾಯ್'. ಅಲ್ಲೂ ಇದೇ ಪಟ್ಟಿ, ಭೂಮಿಯ ನಡುವಿಗೆ! ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಪುಸ್ತಕದಂಗಡಿಗೆ ಹೋದರೆ ಹೊಸ ಪುಸ್ತಕಗಳ ಹೊದಿಕೆಯ ಮೇಲೆ ಕೆಳಭಾಗದಲ್ಲಿ ಕಾಗದದ ಪಟ್ಟಿ ಸುತ್ತಿರುತ್ತಾರೆ. ಅದೂ ಓಬಿ. ಜೂಡೋದ ಕಪ್ಪು ಬೆಲ್ಟ್ 'ಕುರೊಓಬಿ'. ಅತ್ತ ಇತ್ತ ಎರಡಕ್ಕೂ ಒದಗದ ವಸ್ತುವಿಗೆ ಒಂದು ಗಾದೆ ಇದೆ: ಓಬಿಗೆ ಗಿಡ್ಡ, ತಾಸುಕಿಗೆ ಉದ್ದ. ತಾಸುಕಿ ಅಂದರೆ ಕೆಲಸ ಮಾಡುವಾಗ ಕಿಮೊನೊದ ತೋಳುಗಳನ್ನು ಮೇಲೆತ್ತಿ ಕಟ್ಟಿಕೊಳ್ಳುವ ಪಟ್ಟಿ.

ನನಗೆ ತುಂಬ ಹತ್ತಿರವಾದದ್ದು 'ಇವಾತಾ ಓಬಿ'. ಬಸುರಿಗೆ ಐದನೇ ತಿಂಗಳಲ್ಲಿ, ಪಂಚಾಂಗದಲ್ಲಿ ಹನ್ನೆರಡು ದಿನಕ್ಕೊಮ್ಮೆ ಬರುವ ನಾಯಿಯ ದಿನದಂದು, ಹೊಟ್ಟೆಗೆ ಬಟ್ಟೆ ಸುತ್ತುತ್ತಾರೆ. ನಾಯಿಗೆ ಹೆರಿಗೆ ಸಲೀಸು, ಇವಳಿಗೂ ಹಾಗೇ ಆಗಲಿ ಎಂಬ ಹಾರೈಕೆ. ಟೋಕಿಯೋದ ಸುಯ್‌ತೆಂಗು ದೇಗುಲದಲ್ಲಿ ಆ ದಿನ ಬಸುರಿಯರ ಸಾಲೇ ಇರುತ್ತದೆ. ನಮ್ಮಲ್ಲಿ ಬಾಣಂತಿಗೆ ಹೊಟ್ಟೆ ಕಟ್ಟುತ್ತಾರೆ, ಇಲ್ಲಿ ಹೆರಿಗೆಗೆ ಮೊದಲೇ.

ಇಷ್ಟು ಅಗಲದ ಓಬಿ ಮೊದಲಿನಿಂದ ಇದ್ದದ್ದಲ್ಲ. ಎದೋ ಕಾಲದ (1603–1868) ಶುರುವಿನಲ್ಲಿ ಅದು ತೆಳ್ಳನೆ ಪಟ್ಟಿ. ಬರಬರುತ್ತ ಅಗಲವಾಯಿತು, ಗಂಟು ಬೆನ್ನಿಗೆ ಹೋಯಿತು. ಇವತ್ತು ಎಲ್ಲೆಡೆ ಕಾಣುವ 'ತಾಯ್ಕೊ' ಗಂಟಿನ ಹಿಂದೆ ಟೋಕಿಯೋದ ಒಂದು ಸೇತುವೆ ಇದೆ. ಕಾಮೆಯ್‌ದೊ ತೆಂಜಿನ್ ದೇಗುಲದ ಕಮಾನು ಸೇತುವೆ 1817ರಲ್ಲಿ ಮತ್ತೆ ತೆರೆದಾಗ ಫುಕಾಗಾವಾ ಬಡಾವಣೆಯ ಹಾಡು-ಕುಣಿತದ ಕಲಾವಿದೆಯರಾದ ಗೇಯ್‌ಶಾಗಳು ಅದರ ಆಕಾರದಲ್ಲಿ ಓಬಿ ಕಟ್ಟಿ ಬಂದರಂತೆ. ಅಲ್ಲಿಂದ ಅದು ಮನೆಮನೆಗೆ ಹಬ್ಬಿತು.

ಒಳ್ಳೆಯ ಓಬಿ ಅಂದರೆ ಇಂದಿಗೂ ಕ್ಯೋಟೋದ ನಿಶಿಜಿನ್, ಇಲ್ಲವೇ ಫುಕುಒಕಾದ ಹಕಾತಾ ನೇಯ್ಗೆ. ಹೊಸದರ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಕ್ಯೋಟೋಗೆ ಬರುವುದಾದರೆ ತಿಂಗಳ 21ನೇ ತಾರೀಕಿಗೆ ನೋಡಿಕೊಂಡು ಬನ್ನಿ. ತೋಜಿ ದೇವಸ್ಥಾನದ ಅಂಗಳದಲ್ಲಿ ಅವತ್ತು ಸಂತೆ. ಹಳೆ ಓಬಿಗಳು ಅಲ್ಲಿ ನಮ್ಮ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಬೆಳಿಗ್ಗೆ ಬೇಗ ಹೋಗಿ, ಒಳ್ಳೆಯವು ಮೊದಲೇ ಖಾಲಿಯಾಗುತ್ತವೆ.