ಪಕ್ಕದ ಮನೆ ಅಜ್ಜನ ಕುಳ್ಳ ಬೈಕು, ನಮ್ಮಪ್ಪನ ಟಿವಿಎಸ್ಸು

ಹೋದ ವರ್ಷ ಅಕ್ಟೋಬರ್ ಕೊನೇಲಿ ಒಂದು ಶನಿವಾರ ಕಸದ ಡಬ್ಬ ಹೊರಗಿಡೋಕೆ ಅಂತ ಬಂದವನು ಹಂಗೇ ನಿಂತ್ಬಿಟ್ಟೆ. ಪಕ್ಕದ ಮನೆ ಅಜ್ಜ ಬೆನ್ನಿಗೆ ಲೀಫ್ ಬ್ಲೋವರ್ ಕಟ್ಕೊಂಡು ಉದುರಿದ ಮೇಪಲ್ ಎಲೆನೆಲ್ಲ ಗುಡ್ಡೆ ಹಾಕ್ತಿದ್ರು, ಅದ್ರಿಂದ ತೆಳ್ಳಗೆ ನೀಲಿ ಹೊಗೆ, ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟಾಗ ಮಾತ್ರ ಬರೋ ಒಂಥರ ಸಿಹಿ ವಾಸನೆ, ತಿಪಟೂರಿಗೆ ಕೊಬ್ಬರಿ ಹಾಕೋಕೆ ಹೋಗೋ ದಿನ ಬೆಳಗ್ಗೆ ಆರಕ್ಕೆ ನಮ್ಮಪ್ಪ ಅಂಗಳದಲ್ಲಿ ಟಿವಿಎಸ್ 50 ಸ್ಟಾರ್ಟ್ ಮಾಡಿದ್ರೆ ಅಡುಗೆಮನೆವರೆಗೂ ಬರ್ತಿತ್ತಲ್ಲ, ಅದೇ ವಾಸನೆ. ಒಹಾಯೋಗೆ ಬಂದು ಎಂಟು ವರ್ಷ ಆಯ್ತು, ಊರಿನ ವಾಸನೆ ಇಲ್ಲಿ ಎಲೆ ಊದೋ ಮೆಷಿನ್ನಲ್ಲಿ ಸಿಗುತ್ತೆ ಅಂತ ಯಾರಿಗೆ ಗೊತ್ತಿತ್ತು.

ಅಜ್ಜ ಮೆಷಿನ್ ಆಫ್ ಮಾಡಿ ಶಬ್ದ ಜಾಸ್ತಿ ಆಯ್ತಾ ಅಂತ ಕೇಳಿದ್ರು. ಇಲ್ಲ ಇಲ್ಲ, ನಮ್ಮಪ್ಪನ ಹತ್ರ ಮೊಪೆಡ್ ಇತ್ತು, ಅದರ ವಾಸನೆ ಇದು ಅಂತ ಹೇಳ್ದೆ. ಅಷ್ಟೇ ಸಾಕಾಯ್ತು, ಬಾ ಅಂತ ಹಿಂದುಗಡೆ ಶೆಡ್ಡಿಗೆ ಕರ್ಕೊಂಡು ಹೋಗಿ, ಟಾರ್ಪಾಲ್ ಎತ್ತಿ, ಹಳೇ ಟೈರು ಪೇಂಟ್ ಡಬ್ಬ ಎಲ್ಲ ಸರಿಸಿ ತೋರಿಸಿದ್ರು. ನೋಡಿದ್ರೆ ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರಕ್ಕೆ ಒಂದು ಬೈಕು, ಪೂರ್ತಿ ತುಕ್ಕು, ಸೀಟು ಇಲಿ ತಿಂದು ಸ್ಪಂಜು ಹೊರಗೆ.

ಇಂಥದ್ದಕ್ಕೆ ಇಲ್ಲಿ ಮಿನಿಬೈಕ್ ಅಂತಾರೆ, ಅದು ಏನು ಅಂತ ಊರವರಿಗೆ ಹೆಂಗ್ ಹೇಳೋದು. ಹುಲ್ಲು ಕತ್ತರಿಸೋ ಮೆಷಿನ್ನಿನ ಇಂಜಿನ್ ಬಿಚ್ಚಿ ಕಬ್ಬಿಣದ ಪೈಪಿನ ಫ್ರೇಮಿಗೆ ಬೋಲ್ಟ್ ಹಾಕಿ, ಎರಡು ಪುಟ್ಟ ಚಕ್ರ ಸಿಕ್ಕಿಸಿದ್ರೆ ಹೆಚ್ಚುಕಮ್ಮಿ ಅದೇ. ಗೇರ್ ಇಲ್ಲ, ಕ್ಲಚ್ ಲಿವರ್ ಇಲ್ಲ, ಕಿಕ್ಕರ್ ಇಲ್ಲ, ಜನರೇಟರ್ ಥರ ಹಗ್ಗ ಎಳೆದು ಸ್ಟಾರ್ಟ್ ಮಾಡ್ಬೇಕು, ಆಕ್ಸಿಲರೇಟರ್ ತಿರುವಿದ್ರೆ ಇಂಜಿನ್ ವೇಗಕ್ಕೆ ಕ್ಲಚ್ ತಾನೇ ಅಗಲವಾಗಿ ಹಿಡ್ಕೊಳ್ಳುತ್ತೆ. ನಮ್ಮ ಟಿವಿಎಸ್‌ದೂ ಅದೇ ಐಡಿಯಾನೇ ತಾನೇ, ಗೇರಿಲ್ಲದ ಗಾಡಿ ಅಂತ ತಾನೇ ಅದನ್ನ ಎಲ್ರೂ ತಗೊಂಡಿದ್ದು. 1960ರ ದಶಕದಲ್ಲಿ ಅಮೆರಿಕದ ಹುಡುಗರಿಗೆಲ್ಲ ಇದರ ಹುಚ್ಚು ಹಿಡಿದಿತ್ತಂತೆ, ದುಡ್ಡಿರೋರು ಕ್ರಿಸ್ಮಸ್‌ಗೆ ಕೊಡಿಸ್ತಿದ್ರು, ಇಲ್ಲದೋರ ಅಪ್ಪಂದಿರು ಮ್ಯಾಗಜೀನಲ್ಲಿ ಬಂದ ಪ್ಲಾನ್ ನೋಡ್ಕೊಂಡು ಮನೇಲೇ ವೆಲ್ಡಿಂಗ್ ಮಾಡ್ತಿದ್ರು. ಇದಕ್ಕೂ ಮುಂಚೆ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ವೆಲ್‌ಬೈಕ್ ಅಂತ ಒಂದು ಮಡಚೋ ಬೈಕ್ ಮಾಡಿ, ಡಬ್ಬಿಯೊಳಗಿಟ್ಟು ಪ್ಯಾರಾಚೂಟಲ್ಲಿ ಇಳಿಸೋಕೆ ಅಂತ ತಯಾರು ಮಾಡಿದ್ರು, 98 ಸಿಸಿ ಇಂಜಿನ್ದು. ಜಪಾನಲ್ಲಿ ಹೋಂಡಾದವರು 1961ರಲ್ಲಿ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನ ಮಕ್ಕಳಿಗೆ ಅಂತ ಮಾಡಿದ ಪುಟ್ಟ ಬೈಕೇ ಆಮೇಲೆ ಮಂಕಿ ಅಂತ ಹೆಸರು ತಗೊಂಡು ಫೇಮಸ್ ಆಯ್ತು. ದೊಡ್ಡೋರು ಕೂತ್ರೆ ನಿಜವಾಗ್ಲೂ ಕೋತಿ ಕೂತಂಗೇ ಕಾಣುತ್ತೆ ಬಿಡಿ.

ಅಜ್ಜಂದು ರಪ್ ಕಂಪನಿ ಗಾಡಿ. ಇದು ಇಲ್ಲೇ ಮ್ಯಾನ್ಸ್‌ಫೀಲ್ಡಲ್ಲಿ ಆಗಿದ್ದು, ನಾನಿರೋ ಕೊಲಂಬಸ್‌ನಿಂದ ಹೈವೇ ಹಿಡಿದ್ರೆ ಒಂದು ಗಂಟೆ ದಾರಿ. ಮಾಲೀಕ ಮಿಕ್ಕಿ ರಪ್ ಮೊದಲು ಗೋ-ಕಾರ್ಟ್ ಮಾಡ್ತಿದ್ದೋನು, ಬರೀ ಮಾರೋದಲ್ಲ ಸ್ವತಃ ರೇಸರ್ರು, 1965ರ ಇಂಡಿಯಾನಾಪೊಲಿಸ್ 500 ರೇಸಲ್ಲಿ ಆರನೇ ಸ್ಥಾನ ಬಂದಿದ್ದ, ಜಿಮ್ ಕ್ಲಾರ್ಕ್ ಗೆದ್ದ ವರ್ಷ ಅದು. 1970ರ ದಶಕ ಮುಗಿಯೋದ್ರೊಳಗೆ ಕಂಪನಿ ಬಾಗಿಲು ಹಾಕ್ತು. ಅಜ್ಜ ರಪ್ ಅಂದಾಗ ದನಿ ಬದಲಾಗೋದು ಕೇಳಿದ್ರೆ ನನಗೆ ಮೈಸೂರಿನ ನಮ್ಮ ಸೋದರಮಾವ ನೆನಪಾಗ್ತಾರೆ, ಯೆಜ್ಡಿ ಬೈಕ್ ಮಾಡ್ತಿದ್ದ ಅಲ್ಲಿನ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ್ರೂ ಅವರು ಇವತ್ತಿಗೂ ಯೆಜ್ಡಿ ಬಗ್ಗೆ ಮನೆ ಮಗನ ಬಗ್ಗೆ ಮಾತಾಡಿದಂಗೇ ಮಾತಾಡ್ತಾರೆ.

ಅಜ್ಜನಿಗೆ ಈ ಬೈಕನ್ನ 1971ರ ಕ್ರಿಸ್ಮಸ್‌ಗೆ ಅವರಪ್ಪ ಕೊಡಿಸಿದ್ದಂತೆ, ಆಗ ಇವರಿಗೆ 11 ವರ್ಷ. ಈಗ ಬೆರಳಿಗೆಲ್ಲ ಸಂಧಿವಾತ, ಸಣ್ಣ ಸ್ಕ್ರೂ ಹಿಡಿಯೋಕಾಗಲ್ಲ. ನೀನೇ ತಗೊಂಡು ಹೋಗು, ಓಡಿದ ದಿನ ಮಾತ್ರ ನನ್ನ ಕರಿ ಅಂದ್ರು. ದುಡ್ಡು ಕೊಡ್ತೀನಿ ಅಂದ್ರೆ ಬೇಡ ಅಂದ್ರು, ನನ್ನ ಹೆಂಡ್ತಿ ಒಂದು ಡಬ್ಬಿ ಕೋಡುಬಳೆ ಕಳಿಸಿದ್ಲು, ಅದನ್ನ ತಗೊಂಡ್ರು.

ಇಲ್ಲಿ ನವೆಂಬರ್ ಆಯ್ತು ಅಂದ್ರೆ ಸಂಜೆ ಐದೂಕಾಲಿಗೆ ಕತ್ತಲು, ಮಾಡೋಕೆ ಬೇರೆ ಕೆಲಸನೂ ಇರಲ್ಲ. ಗ್ಯಾರೇಜಲ್ಲಿ ಹೀಟರ್ ಇಟ್ಕೊಂಡು ಶುರು ಮಾಡ್ದೆ. ಮೊದಲನೇ ದಿನಾನೇ ಪಾನಾ ಸಮಸ್ಯೆ. ಊರಿಂದ ಬರೋವಾಗ ಅಪ್ಪ ಕೊಟ್ಟಿದ್ದ ಸೆಟ್ಟು, 10-11, 12-13, 14-15, ಒಂದೂ ಸರಿಯಾಗಿ ಕೂರಲ್ಲ, ಅದೆಲ್ಲ ಮಿಲಿಮೀಟರ್, ಇಲ್ಲಿ ಎಲ್ಲಾ ಇಂಚು. ಇಲ್ಲಿ ರಾತ್ರಿ ಹತ್ತೂವರೆ ಅಂದ್ರೆ ಅಲ್ಲಿ ಬೆಳಗ್ಗೆ ಒಂಬತ್ತು, ಅಪ್ಪ ಕಾಫಿ ಕುಡಿದು ಜಗಲಿ ಮೇಲೆ ಕೂತಿರೋ ಹೊತ್ತು, ವಾಟ್ಸಾಪಲ್ಲಿ ಕಾಲ್ ಮಾಡಿ ತೋರಿಸ್ದೆ. "ಅರ್ಧ ಇಂಚಿಗೆ 13 ಹಾಕೋ, ಸ್ವಲ್ಪ ಆಡುತ್ತೆ ಅಷ್ಟೇ" ಅಂದ್ರು. ಹಾಕಿ ನೋಡಿದ್ರೆ ಹೌದು. ಆವತ್ತಿಂದ ದಿನಾ ರಾತ್ರಿ ಅಪ್ಪ ಆನ್‌ಲೈನ್. ಮೊದಲೆಲ್ಲ ಊಟ ಆಯ್ತಾ, ಚಳಿ ಹೆಂಗಿದೆ, ಮಗು ಮಲಗಿತಾ, ಇಷ್ಟಕ್ಕೇ ಮಾತು ಮುಗೀತಿತ್ತು, ಈಗ ಅರ್ಧ ಗಂಟೆ ಬರೀ ಪಿಸ್ಟನ್ನು.

ಪಿಸ್ಟನ್ ಜಾಮ್ ಆಗಿತ್ತು ಅದಕ್ಕೆ. ಟೆಕಮ್ಸೆ ಅನ್ನೋ ಕಂಪನಿಯ ಎಚ್‌ಎಸ್ 40 ಇಂಜಿನ್ನು, 40 ಅಂದ್ರೆ 4 ಹಾರ್ಸ್‌ಪವರ್. ಆ ಕಂಪನಿಯವರೂ ಇಂಥ ಇಂಜಿನ್ ಮಾಡೋದು ಬಿಟ್ಟು ಎಷ್ಟೋ ವರ್ಷ ಆಯ್ತು, ಪಾರ್ಟ್ಸ್ ಬೇಕಂದ್ರೆ ಹಳೇ ಸ್ಟಾಕ್ ಹುಡುಕ್ಬೇಕು. ಪ್ಲಗ್ ಬಿಚ್ಚಿ ಆ ತೂತಲ್ಲಿ ಟ್ರಾನ್ಸ್‌ಮಿಷನ್ ಆಯಿಲ್ ಬಿಟ್ಟು ಒಂದು ವಾರ ಬಿಟ್ಬಿಟ್ಟೆ (ಅಪ್ಪ ಸೀಮೆಎಣ್ಣೆ ಅಂದ್ರು, ಇಲ್ಲಿ ಸೀಮೆಎಣ್ಣೆ ಪೆಟ್ರೋಲಿಗಿಂತ ದುಬಾರಿ ಅಂದ್ರೆ ನಂಬಲೇ ಇಲ್ಲ). ಎಂಟನೇ ದಿನ ಫ್ಲೈವೀಲ್ ಹಿಡಿದು ಮೆಲ್ಲಗೆ ಅಲ್ಲಾಡಿಸ್ತಾ ಇದ್ದೆ, ಟಕ್ ಅಂತ ಒಂದು ಕೂದಲೆಳೆ ಸರೀತು, ಆ ಕ್ಷಣದ ಖುಷಿ ಇದೆಯಲ್ಲ ಅದನ್ನ ಆಫೀಸಲ್ಲಿ ಯಾರಿಗೂ ಹೇಳೋ ಹಂಗಿಲ್ಲ.

ಫ್ಲೈವೀಲ್ ಕೆಳಗೆ ಪಾಯಿಂಟ್ಸ್, ಕಂಡೆನ್ಸರ್, ಪ್ಲಗ್ಗಿಗೆ ಕಿಡಿ ಬರೋದು ಇವುಗಳಿಂದಾನೇ. ಅದನ್ನ ನೋಡಿದ ತಕ್ಷಣ ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಮೆಕ್ಯಾನಿಕ್ ಸಾಬ್ರು ಕಣ್ಮುಂದೆ ಬಂದ್ರು. ಮಳೆಗಾಲದಲ್ಲಿ ಟಿವಿಎಸ್ ಕರೆಂಟ್ ಬಿಟ್ರೆ ಅವರು ಜೇಬಿಂದ ಬೆಂಕಿಪೊಟ್ಟಣ ತೆಗೆದು, ಅದರ ಗೀರೋ ಪಟ್ಟಿ ಹರಿದು, ಮಡಚಿ, ಪಾಯಿಂಟ್ ಮಧ್ಯೆ ಎರಡು ಸಲ ಎಳೀತಿದ್ರು, ಗಾಡಿ ಸ್ಟಾರ್ಟ್. ಎರಡು ರೂಪಾಯಿ. ಆರು ತಿಂಗಳಿಗೊಮ್ಮೆ ಸೈಲೆನ್ಸರ್ ಬಿಚ್ಚಿ ತೆಂಗಿನ ಗರಿ ಬೆಂಕಿಗೆ ಹಾಕೋರು, ಒಳಗೆ ಕಟ್ಟಿರೋ ಕಾರ್ಬನ್ ಎಲ್ಲ ಕೆಂಪಗೆ ಉರಿದು ಹೋದ್ಮೇಲೆ ಕಲ್ಲಿಗೆ ಕುಟ್ಟಿ ಮತ್ತೆ ಹಾಕೋದು, ಆಮೇಲೆ ಒಂದು ವಾರ ಗಾಡಿ ಕುದುರೆ. ನಮಗೆ ಆ ಬೆಂಕಿ ನೋಡೋದೇ ಹಬ್ಬ. ಬಂಕಲ್ಲಿ ಪೆಟ್ರೋಲಿಗೆ ಟೂಟಿ ಆಯಿಲ್ ಹಾಕಿಸ್ಕೊಂಡ ಮೇಲೆ ಅಪ್ಪ ಗಾಡಿನ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ಬೆರೆಸೋರು, ನಾನು ಸೀಟಿನ ಮುಂದೆ ಮೂಟೆ ಮೇಲೆ ಕೂತಿದ್ರೂ ಇಳಿಸ್ತಿರಲಿಲ್ಲ, ಮೂಟೆ ನಾನು ಪೆಟ್ರೋಲು ಎಲ್ಲ ಒಟ್ಟಿಗೇ ಅಲ್ಲಾಡೋದು.

ಕಾರ್ಬೊರೇಟರಲ್ಲಿ ಪೆಟ್ರೋಲ್ ಒಣಗಿ ಬೆಲ್ಲದ ಪಾಕ ಗಟ್ಟಿಯಾದಂಗೆ ಅಂಟಿತ್ತು. ಈ ಟೆಕಮ್ಸೆಲಿ ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲೋ ಬಟ್ಟಲನ್ನ ಹಿಡಿದಿಡೋ ಬೋಲ್ಟೇ ಜೆಟ್ಟು, ಅಂದ್ರೆ ಇಂಜಿನ್ನಿಗೆ ಪೆಟ್ರೋಲ್ ಹೋಗೋ ದಾರಿ, ಅದರೊಳಗೆ ಸೂಜಿ ಮೊನೆಯಂಥ ತೂತು, ಅದು ಕಟ್ಟಿದ್ರೆ ಏನು ಮಾಡಿದ್ರೂ ಇಂಜಿನ್ ಹಿಡಿಯಲ್ಲ. ವೈರಿನ ಒಂದು ಎಳೆ ಬಿಡಿಸಿ ಚುಚ್ಚಿ ಚುಚ್ಚಿ ತೆಗೆದೆ.

ಈಗ ತುಕ್ಕಿನ ಕಥೆ. ಮಡ್‌ಗಾರ್ಡ್ ಎರಡೂ ಕೈ ಇಟ್ರೆ ಕೆಂಪು ಪುಡಿ ಬರ್ತಿತ್ತು. ತುಕ್ಕಿಗೆ ಕಾಕಂಬಿ ಒಳ್ಳೇದು ಅಂತ ಇಲ್ಲಿ ಹಳೇ ಗಾಡಿ ಮಾಡೋರೆಲ್ಲ ಹೇಳ್ತಾರೆ, ಕಬ್ಬಿನ ಕಾಕಂಬಿನೇ, ಹಸು ಮೇವಿನ ಅಂಗಡೀಲಿ ಸಿಗುತ್ತೆ, ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಬೆರೆಸಿ ಮುಳುಗಿಸಿಟ್ರೆ ಎರಡು ಮೂರು ವಾರಕ್ಕೆ ತುಕ್ಕು ತಾನೇ ಬಿಡುತ್ತೆ. ಗ್ಯಾರೇಜೆಲ್ಲ ಮಂಡ್ಯದ ಕಡೆ ಕಬ್ಬು ಅರೆಯೋ ಸೀಸನ್ನಲ್ಲಿ ಬಸ್ಸಿನ ಕಿಟಕಿ ತೆಗೆದಾಗ ಬರೋ ಹುಳಿ ಗಬ್ಬು. ನನ್ನ ಹೆಂಡ್ತಿ ಶ್ರೀರಂಗಪಟ್ಟಣದವಳು, ಮೂಗು ಮುಚ್ಕೊಂಡು "ಇಷ್ಟು ದೂರ ಬಂದಿದ್ದು ಇದಕ್ಕಾ" ಅಂದ್ಲು. ಒಂದು ಅಲ್ಯೂಮಿನಿಯಂ ಬ್ರಾಕೆಟನ್ನೂ ದಡ್ಡನಂಗೆ ಅದರಲ್ಲೇ ಹಾಕಿದ್ದೆ, ಅದು ತೂತು ತೂತಾಗಿ ಹೋಯ್ತು, ಅಲ್ಯೂಮಿನಿಯಂ ಹಾಕ್ಬಾರ್ದಂತೆ.

ಮೂರು ವಾರ ಆದ್ಮೇಲೆ ತೆಗೆದು, ಸ್ಯಾಂಡ್‌ಪೇಪರ್ ಹೊಡೆದು, ಪ್ರೈಮರ್ ಬಳಿದು, ಫಳಫಳ ಅನ್ನೋ ಮಡ್‌ಗಾರ್ಡ್ ಹಿಡ್ಕೊಂಡು ಜಂಬದಲ್ಲಿ ಅಜ್ಜನಿಗೆ ತೋರಿಸೋಕೆ ಹೋದೆ. ಅವರು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ರು, ಏನೋ ಹುಡುಕಿದಂಗೆ. ಇಲ್ಲಿ ಒಂದು ಏಳು ಇತ್ತು ಅಂದ್ರು. ಅವರಣ್ಣ ಬಿಳಿ ಪೇಂಟಲ್ಲಿ ಕೈಯಲ್ಲೇ ರೇಸ್ ನಂಬರ್ ಅಂತ 7 ಬರೆದಿದ್ನಂತೆ, ವಕ್ರ ವಕ್ರ. ಅಣ್ಣ ಈಗಿಲ್ಲ. ಆ ತುಕ್ಕಿನಲ್ಲಿ ಏನೋ ಬೆಳ್ಳಗೆ ಇತ್ತು ಅಂತ ನನಗೂ ನೆನಪಿದೆ, ಹಕ್ಕಿ ಹಿಕ್ಕೆ ಅಂದ್ಕೊಂಡು ಅದನ್ನೇ ಜಾಸ್ತಿ ಉಜ್ಜಿದ್ದೆ. ಪರವಾಗಿಲ್ಲ ಪರವಾಗಿಲ್ಲ ಅಂತ ಅವರೇ ನನಗೆ ಎರಡು ಸಲ ಹೇಳಿದ್ರು. ಮನೆಗೆ ಬಂದು ಆವತ್ತು ಅಪ್ಪನಿಗೆ ಫೋನ್ ಮಾಡಲಿಲ್ಲ.

ನನಗೆ ಗೊತ್ತಿದ್ದಿದ್ದು ರಿಪೇರಿ. ಸಾಬ್ರ ಹತ್ರ, ಅಪ್ಪನ ಹತ್ರ ನೋಡಿ ಕಲಿತಿದ್ದು ಅದೇ, ಗಾಡಿ ಓಡ್ಬೇಕು, ನಾಳೆ ಕೊಬ್ಬರಿ ಹೋಗ್ಬೇಕು, ಹಳೇದು ಹೋದ್ರೆ ಹೊಸದು ಹಾಕು, ತುಕ್ಕು ಬಂದ್ರೆ ಉಜ್ಜಿ ಬಣ್ಣ ಹೊಡಿ. ನಮ್ಮ ಟಿವಿಎಸ್‌ನ ಬಣ್ಣ ಮೊದಲು ಕೆಂಪು, ಆಮೇಲೆ ನೀಲಿ, ಕೊನೆಗೆ ಟ್ರ್ಯಾಕ್ಟರಿಗೆ ತಂದು ಉಳಿದಿದ್ದ ಹಸಿರು. ಯಾರೂ ಅದರ ಯಾವ ಗೀರನ್ನೂ ಕಾಪಾಡ್ಬೇಕು ಅಂದ್ಕೊಂಡಿರಲಿಲ್ಲ, ಗಾಡಿ ಇನ್ನೂ ಕೆಲಸ ಮಾಡ್ತಿತ್ತಲ್ಲ. ಇಲ್ಲಿಯವರು ರೆಸ್ಟೋರೇಷನ್ ಅನ್ನೋದು ಬೇರೆ, ಅದಕ್ಕೆ ಯಾವ ತುಕ್ಕು ತೆಗೀಬೇಕು ಅನ್ನೋದಕ್ಕಿಂತ ಯಾವ ತುಕ್ಕು ಬಿಡಬೇಕು ಅಂತ ಗೊತ್ತಿರ್ಬೇಕು. ಅದು ಗೊತ್ತಾಗೋದು ಆ ಗಾಡಿ ಮೇಲೆ ಬಿದ್ದು ಮಂಡಿ ಕೆತ್ತಿಸ್ಕೊಂಡೋನಿಗೆ, ನನಗಲ್ಲ. ಅಲ್ಲಿಂದಾಚೆಗೆ ಒಂದೊಂದು ಪಾರ್ಟ್ ಮುಟ್ಟೋಕೆ ಮುಂಚೆನೂ ಅವರನ್ನ ಗ್ಯಾರೇಜಿಗೆ ಕರ್ದು ಕೇಳ್ತಿದ್ದೆ. ಇದು ಸೊಟ್ಟ ಇದೆ, ನೇರ ಮಾಡ್ಲಾ? ಬೇಡ, ಅದು ಬೇಲಿಗೆ ಗುದ್ದಿದ್ದು. ಈ ಟೇಪ್ ತೆಗೀಲಾ? ಅದನ್ನ ತೆಗಿ, ಅದು ಯಾಕಿದೆ ಅಂತ ನನಗೂ ಗೊತ್ತಿಲ್ಲ.

ಏಪ್ರಿಲ್ ಎರಡನೇ ವಾರ ಹಿಮ ಎಲ್ಲ ಕರಗಿದ್ಮೇಲೆ ಹೊರಗೆ ತಂದ್ವಿ. ಇದನ್ನ ಇಲ್ಲಿ ರೋಡಲ್ಲಿ ಓಡಿಸೋ ಹಂಗಿಲ್ಲ, ಸ್ವಂತ ಜಾಗದಲ್ಲೇ ಓಡಿಸ್ಬೇಕು, ಅಜ್ಜನ ಹಿತ್ತಲು ಎರಡು ಎಕರೆ ಇದೆ ಪುಣ್ಯಕ್ಕೆ. ಹಗ್ಗ ಒಂದು ಸಲ ಎಳೆದೆ, ಎರಡು, ಐದು, ಆಮೇಲೆ ನೋಡಿದ್ರೆ ಪೆಟ್ರೋಲಿನ ನಲ್ಲೀನೇ ತೆಗೆದಿರಲಿಲ್ಲ. ತೆಗೆದು ಎರಡೆಳೆತಕ್ಕೆ ಡುಬುಡುಬುಡುಬು ಅಂತ ಹಿಡ್ಕೊಳ್ತು. ಅಜ್ಜ ಏನೂ ಮಾತಾಡದೆ ಕೂತ್ರು, ಮಂಡಿ ಹೆಚ್ಚುಕಮ್ಮಿ ಹ್ಯಾಂಡಲ್‌ವರೆಗೂ ಬಂದಿತ್ತು, ಮೇಪಲ್ ಮರ ಸುತ್ತಿ ಹೋದ್ರು, ಬಂದ್ರು, ನಿಲ್ಲಿಸ್ತಾರೆ ಅಂದ್ಕೊಂಡ್ರೆ ಮತ್ತೆ ಹೋದ್ರು, ನಾಲ್ಕು ಸುತ್ತು. ಅವರ ಹೆಂಡ್ತಿ ಕಿಟಕಿಯಿಂದ ಕೂಗ್ತಾನೇ ಇದ್ರು. ಇಳಿದ್ಮೇಲೆ ಬ್ರೇಕ್ ಹಿಡಿಯಲ್ಲ ಅಂತ ಅಷ್ಟೇ ಹೇಳಿದ್ರು, ಖುಷಿಗೆ ಸುತ್ತಿದ್ರೋ ನಿಲ್ಲಿಸೋಕಾಗದೆ ಸುತ್ತಿದ್ರೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಆಮೇಲೆ ನಾನು ಕೂತೆ. ಆಕ್ಸಿಲರೇಟರ್ ತಿರುವಿದೆ, ಕ್ಲಚ್ ಹಿಡೀತು, ಹುಲ್ಲು ಹಿಂದಕ್ಕೆ ಹೋಯ್ತು, ಎಲ್ಲಾ ಸರಿ, ಆದ್ರೆ ನಾನು ಆರು ತಿಂಗಳಿಂದ ಕಾಯ್ತಿದ್ದ ವಾಸನೆ ಬರಲೇ ಇಲ್ಲ. ಹೆಂಗ್ ಬರುತ್ತೆ, ಇದು ಫೋರ್ ಸ್ಟ್ರೋಕು, ಪೆಟ್ರೋಲಿಗೆ ಆಯಿಲ್ ಬೆರೆಸೋ ಗಾಡಿನೇ ಅಲ್ಲ, ಇದು ನನಗೆ ಮೊದಲನೇ ದಿನದಿಂದ ಗೊತ್ತು, ಇಂಜಿನ್ ಆಯಿಲ್ ಹಾಕಿದ್ದೇ ನಾನು. ಗೊತ್ತಿದ್ದೂ ಮೂಗು ಕಾಯ್ತಿತ್ತು. ಅಜ್ಜನ ಮುಖ ನೋಡಿದ್ರೆ ಅವರಿಗೆ ಬೇಕಾಗಿದ್ದೆಲ್ಲ ಅದರಲ್ಲಿ ಸಿಕ್ಕಿತ್ತು, ನನಗೆ ಅದೊಂದು ಒಳ್ಳೇ ಕುಳ್ಳ ಬೈಕು, ಅಷ್ಟೇ. ಗಾಡಿ ಅವರ ಶೆಡ್ಡಲ್ಲೇ ಬಿಟ್ಟು ಬಂದೆ.

ರಾತ್ರಿ ಅಪ್ಪನಿಗೆ ವಿಡಿಯೋ ಕಳಿಸ್ದೆ. ಮೊದಲು ಕೇಳಿದ್ದು "ಎಷ್ಟು ಕೊಡುತ್ತೆ ಲೀಟರಿಗೆ?" ಆಮೇಲೆ ಮಾತಿಗೆ ಮಾತು ಬಂದು ನಮ್ಮ ಟಿವಿಎಸ್ ಏನಾಯ್ತು, ಗುಜರಿಗೆ ಹಾಕಿದ್ರಾ ಅಂದೆ. ಯಾಕೆ ಹಾಕ್ಲಿ, ಕೊಟ್ಟಿಗೇಲೇ ಇದೆ ಅಂತ ಫೋನ್ ಹಿಡ್ಕೊಂಡೇ ನಡೆದ್ರು, ಕ್ಯಾಮೆರಾ ಅಲ್ಲಾಡ್ತಾ ಚಪ್ಪಲಿ, ಅಂಗಳ, ಗೊಬ್ಬರದ ಚೀಲ, ಕೊನೆಗೆ ಕತ್ತಲಲ್ಲಿ ಹಸಿರು ಬಣ್ಣದ್ದು ಏನೋ ಕಾಣ್ತು. ಪೆಡಲ್ ಒಂದೇ ಇದೆ, ಹೆಡ್‌ಲೈಟ್ ಮೇಲೆ ಎಷ್ಟೋ ವರ್ಷದ ಆಯುಧಪೂಜೆಯ ವಿಭೂತಿ ಕುಂಕುಮ ದಪ್ಪಗೆ ಕೂತಿದೆ, ಸೀಟಿನ ಜಾಗದಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಡಿಸೆಂಬರಿಗೆ ಬರ್ತೀನಿ, ಇಬ್ಬರೂ ಸೇರಿ ಬಿಚ್ಚೋಣ ಅಂದೆ. ಅಪ್ಪನಿಗೆ ಭಾರೀ ಖುಷಿ.

"ಸರಿ, ನೀನು ಬರೋದ್ರೊಳಗೆ ಚೆನ್ನಾಗಿ ಉಜ್ಜಿಸಿ ಬಣ್ಣ ಹೊಡೆಸಿಟ್ಟಿರ್ತೀನಿ."

"ಅಪ್ಪಾ ಬೇಡ, ಮುಟ್ಟಬೇಡಿ" ಅಂತ ನಾನು ಕಿರುಚಿದ ಜೋರಿಗೆ ಒಳಗೆ ಮಲಗಿದ್ದ ಮಗು ಎದ್ದು ಅಳೋಕೆ ಶುರು ಮಾಡ್ತು. ಆ ಕಡೆ ಸ್ವಲ್ಪ ಹೊತ್ತು ಬರೀ ಕೋಳಿ ಸದ್ದು.

"ಕುಂಕುಮನಾದ್ರೂ ಒರೆಸ್ಲೇನೋ?" ಅಂದ್ರು.