ಲೈಟ್ ಬರುವ ಶೂ

ನಿನ್ನೆ ಅಂಗಡಿಯಲ್ಲಿ ಮಗಳು ಹೆಜ್ಜೆ ಇಟ್ಟರೆ ಮಿಂಚುವ ಶೂ ಎತ್ತಿಕೊಂಡಳು, ಒಂದು ಸಲ ನೆಲಕ್ಕೆ ತಟ್ಟಿ ನೋಡಿದಳು, ಸುಮ್ನೆ ವಾಪಸ್ ಇಟ್ಟಳು. ಯಾಕೆ ಪುಟ್ಟಿ ಅಂದೆ. "ಲಾಕ್‌ಡೌನ್ ಡ್ರಿಲ್‌ನಲ್ಲಿ ಕತ್ತಲೆಯಲ್ಲಿ ಕೂರ್ತೀವಲ್ಲ ಅಮ್ಮಾ, ಲೈಟ್ ಬಂದ್ರೆ ಗೊತ್ತಾಗಿಬಿಡುತ್ತೆ." ಶಾಲೆಗೆ ಗನ್ ಹಿಡಿದವನು ನುಗ್ಗಿದರೆ ಸದ್ದಿಲ್ಲದೆ ಅಡಗಿ ಕೂರುವ ಅಭ್ಯಾಸ ಅದು. ಅವಳಿಗೆ ಇನ್ನೂ ಏಳು ವರ್ಷ.

ನಾವಿರುವುದು ಟೆಕ್ಸಸ್‌ನಲ್ಲಿ. 2022ರ ಮೇ 24ರಂದು ಇದೇ ರಾಜ್ಯದ ಯುವಾಲ್ಡಿ ಊರಿನ ರಾಬ್ ಎಲಿಮೆಂಟರಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಗುಂಡಿಗೆ ಬಲಿಯಾದರು. ಕೊಂದವನಿಗೆ 18 ತುಂಬಿ ಎಂಟೇ ದಿನ, ರೈಫಲ್ ಕೊಂಡಿದ್ದು ಕಾನೂನು ಪ್ರಕಾರವೇ. ಒಳ್ಳೆಯವರ ಕೈಯಲ್ಲೂ ಗನ್ ಇದ್ದರೆ ಸಾಕು ಅಂತಾರಲ್ಲ, ಅವತ್ತು ಅಲ್ಲಿಗೆ 376 ಪೊಲೀಸರು ಬಂದಿದ್ದರು. ಒಳಗಿಂದ ಮಕ್ಕಳು ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ ಪಿಸುದನಿಯಲ್ಲಿ ಕರೆಯುತ್ತಿದ್ದರು, ಹೊರಗೆ ಅಪ್ಪ ಅಮ್ಮಂದಿರು ಒಳಗೆ ಹೋಗಿ ಅಂತ ಕೂಗುತ್ತಿದ್ದರು, ಆದರೂ ಅವನನ್ನು ಹೊಡೆದುರುಳಿಸಲು 77 ನಿಮಿಷ ಬೇಕಾಯಿತು.

ನಾನು ಕೊಡಗಿನವಳು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ತೋಕ್‌ಪೂ ಅನ್ನೋ ಹೂವಿಟ್ಟು ಕೈ ಮುಗಿದ ಮನೆ ನಮ್ಮದು. ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿಯೂ ಇದೆ. ಹಾಗಾಗಿ ಗನ್ ಕಂಡರೇ ಆಗದವಳು ನಾನಲ್ಲ. ಆದರೆ ಆ ಕೋವಿ ಅಜ್ಜನ ಕಣ್ಣಳತೆಯಲ್ಲೇ ಇರುತ್ತಿತ್ತು, ಮಕ್ಕಳು ಮುಟ್ಟುವ ಮಾತೇ ಇರಲಿಲ್ಲ.

ಯುವಾಲ್ಡಿಯಲ್ಲಿ ಬಳಸಿದಂಥ ರೈಫಲ್ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ ಅಂತ ಅಲ್ಲಿ ಸತ್ತ ಮಕ್ಕಳ ತಂದೆತಾಯಿಗಳು ರಾಜ್ಯದ ರಾಜಧಾನಿ ಆಸ್ಟಿನ್‌ಗೆ ಹೋಗಿ ಗಂಟೆಗಟ್ಟಲೆ ಕಾದು ಕೇಳಿಕೊಂಡರು. 2023ರಲ್ಲಿ ಆ ಮಸೂದೆ ಸಮಿತಿ ದಾಟಿದರೂ ಸದನದಲ್ಲಿ ಮತಕ್ಕೂ ಬರಲಿಲ್ಲ. ಅಷ್ಟೂ ಮಾಡಲಾಗಲ್ವಾ ನಮಗೆ?

ಕೊನೆಗೆ ಮಗಳು ಕಪ್ಪು ಶೂ ತಗೊಂಡಳು.