ರೀಡ್ ಶೆಪರ್ಡ್ ಹ್ಯೂಸ್ಟನ್‌ಗೆ ಬಂದ ರಾತ್ರಿ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 2024ರ ಡ್ರಾಫ್ಟ್‌ನಲ್ಲಿ ನಮ್ಮ ಹ್ಯೂಸ್ಟನ್ ರಾಕೆಟ್ಸ್‌ಗೆ ಮೂರನೇ ಆಯ್ಕೆ ಸಿಕ್ಕಿದ್ದು ಅಕ್ಷರಶಃ ಲಾಟರಿಯಲ್ಲಿ. 2021ರಲ್ಲಿ ನಮ್ಮ ದೊಡ್ಡ ಆಟಗಾರ ಜೇಮ್ಸ್ ಹಾರ್ಡನ್‌ನನ್ನು ಬ್ರೂಕ್ಲಿನ್ ನೆಟ್ಸ್‌ಗೆ ಬಿಟ್ಟುಕೊಟ್ಟಾಗ ಬದಲಿಗೆ ಸಿಕ್ಕ ಹಕ್ಕುಗಳಲ್ಲಿ ಇದೂ ಒಂದು. ನೆಟ್ಸ್‌ನ ಸೋಲು ಗೆಲುವಿನ ಲೆಕ್ಕದ ಪ್ರಕಾರ ಒಂಬತ್ತನೇ ಜಾಗಕ್ಕೆ ಬೀಳಬೇಕಿತ್ತು, ಅದೃಷ್ಟ ಖುಲಾಯಿಸಿ ಮೂರಕ್ಕೆ ಏರಿತು. ಅವತ್ತಿನಿಂದಲೇ ನಮ್ಮ ಗುಂಪಿನಲ್ಲಿ ವಾದ ಶುರು. ಯಾರನ್ನು ತಗೋಬೇಕು?

ಜೂನ್ 26ರ ಬುಧವಾರ ಸಂಜೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿರುವ ನನ್ನ ಹೆಂಡತಿಯ ಅಣ್ಣನ ಮನೆಯಲ್ಲಿ ಎಲ್ಲರೂ ಸೇರಿದೆವು. ಹೊರಗೆ ಟೆಕ್ಸಸ್ ಸೆಕೆ, ಒಳಗೆ ಚುರುಮುರಿ ಮತ್ತು ಜೋರು ಎಸಿ. ಭಾವ ಈ ಊರಿಗೆ ಬಂದು ಬಹಳ ವರ್ಷವಾಯಿತು. ರಾಕೆಟ್ಸ್‌ನ ಹಕೀಮ್ ಒಲಾಜುವಾನ್ 1994 ಮತ್ತು 1995ರಲ್ಲಿ ಕಪ್ ಗೆಲ್ಲಿಸಿದ ಕಾಲದ ಕಥೆಗಳನ್ನು ತಾನೇ ಪಾಸ್ ಕೊಟ್ಟವನ ಹಾಗೆ ಹೇಳುತ್ತಾನೆ. ಹಾಸನದ ಗೆಳೆಯನೊಬ್ಬ ಬಂದಿದ್ದ. ಅವನಿಗೆ ಡಂಕ್, ಅಂದರೆ ನೆಗೆದು ಚೆಂಡನ್ನು ಬುಟ್ಟಿಗೆ ತುರುಕುವುದು, ಇಲ್ಲದ ಆಟ ಆಟವೇ ಅಲ್ಲ. ಮತ್ತೆ ಭಾವನ ಮಗ, ಹೈಸ್ಕೂಲ್ ತಂಡದಲ್ಲಿ ಗಾರ್ಡ್, ಅಂದರೆ ಚೆಂಡು ಪುಟಿಸುತ್ತಾ ಆಟ ನಡೆಸುವವನು. ತಂಡದಲ್ಲಿ ಎಲ್ಲರಿಗಿಂತ ಕುಳ್ಳ.

ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ನಲ್ಲಿ ಮೊದಲ ಎರಡು ಹೆಸರು ಬಂದವು. ಅಟ್ಲಾಂಟಾಗೆ ಝಕಾರಿ ರಿಸಾಶೆ, ವಾಷಿಂಗ್ಟನ್‌ಗೆ ಅಲೆಕ್ಸ್ ಸಾರ್. ಇಬ್ಬರೂ ಫ್ರಾನ್ಸಿನ ಹುಡುಗರು. ಆಮೇಲೆ ನಮ್ಮದು: ಕೆಂಟಕಿ ವಿಶ್ವವಿದ್ಯಾಲಯದ ರೀಡ್ ಶೆಪರ್ಡ್.

ಭಾವ ಸೋಫಾದಿಂದ ಎದ್ದೇ ಬಿಟ್ಟ. ಹಾಸನದ ಗೆಳೆಯ ತಲೆ ಮೇಲೆ ಕೈ ಇಟ್ಟುಕೊಂಡ.

ಇಬ್ಬರ ಕಡೆಯೂ ಕಾರಣ ಇತ್ತು ಅನ್ನಿ. ಶೆಪರ್ಡ್ ಕಾಲೇಜಿನಲ್ಲಿ ಆಡಿದ್ದು ಒಂದೇ ಒಂದು ಸೀಸನ್. ಅದರಲ್ಲಿ ದೂರದ ಗೆರೆಯ ಆಚೆಯಿಂದ ಎಸೆದು ಮೂರು ಪಾಯಿಂಟ್ ತರುವ ತ್ರೀ ಪಾಯಿಂಟರ್‌ಗಳಲ್ಲಿ ಶೇಕಡಾ 52.1 ಒಳಗೆ ಹಾಕಿದ್ದ. ಅಷ್ಟು ದೂರದಿಂದ ಎಸೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು! ಶೇಕಡಾ 40 ದಾಟಿದರೇ ಜನ ಹೊಗಳುವ ಆಟ ಇದು. ಆದರೆ ಎತ್ತರ 6 ಅಡಿ 2 ಇಂಚು ಇದ್ದರೆ ಹೆಚ್ಚು. ಚಾಚಿದ ಕೈಗಳ ಅಳತೆಯೂ ಅದಕ್ಕಿಂತ ಒಂದಿಂಚು ಜಾಸ್ತಿ ಅಷ್ಟೇ. ಎನ್‌ಬಿಎಯಲ್ಲಿ ಇದು ಮೋಟು ಕೈ.

"ಇವನು ಶೂಟ್ ಮಾಡ್ತಾನೆ, ಸರಿ. ಎದುರಾಳಿಯನ್ನು ಕಾಯೋದು ಯಾರು? ನೆಗೆಯೋದು ಯಾರು?" ಅಂದ ಹಾಸನದವನು. ಅವನಿಗೆ ಬೇಕಿದ್ದದ್ದು ಸ್ಟೆಫಾನ್ ಕ್ಯಾಸಲ್. ಆರೂವರೆ ಅಡಿ ಹತ್ತಿರದ ಗಟ್ಟಿ ಮೈಯ ಗಾರ್ಡ್. ಆ ವರ್ಷವೇ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡದ ಜೊತೆ ಚಾಂಪಿಯನ್ ಆಗಿದ್ದವನು. ದೂರದಿಂದ ಎಸೆದರೆ ಮಾತ್ರ ನಾಲ್ಕಕ್ಕೆ ಒಂದು ಬಿದ್ದರೆ ಪುಣ್ಯ. ಐದು ನಿಮಿಷದಲ್ಲಿ ಕ್ಯಾಸಲ್ ಹೆಸರೂ ಬಂತು. ನಾಲ್ಕನೇ ಆಯ್ಕೆ, ಅದೂ ಸ್ಯಾನ್ ಆಂಟೋನಿಯೋಗೆ. ನಮ್ಮದೇ ರಾಜ್ಯದ ಬದ್ಧ ವೈರಿಗಳಿಗೆ. ಹಾಸನದವನ ಮುಖ ನೋಡುವ ಹಾಗಿರಲಿಲ್ಲ.

ಭಾವ ಕ್ಯಾಲ್ವಿನ್ ಮರ್ಫಿಯನ್ನು ಎಳೆದು ತಂದ. ಅದು ಅವನ ಬ್ರಹ್ಮಾಸ್ತ್ರ. ಮರ್ಫಿ 5 ಅಡಿ 9 ಇಂಚಿನ ಮನುಷ್ಯ. ಬಾಳೆಲ್ಲ ರಾಕೆಟ್ಸ್‌ಗೇ ಆಡಿ, ಹಾಲ್ ಆಫ್ ಫೇಮ್ ಸೇರಿದವನು. 1980-81ರಲ್ಲಿ, ಎದುರಾಳಿ ತಪ್ಪು ಮಾಡಿದಾಗ ಸಿಗುವ ಫ್ರೀ ಥ್ರೋಗಳಲ್ಲಿ ಶೇಕಡಾ 95.8 ಹಾಕಿದ್ದ. "ಚಳಕ ಇದ್ರೆ ಎತ್ತರ ಯಾವನಿಗೆ ಬೇಕೋ?" ಅಂತ ಭಾವ.

ಆಗ ಮೂಲೆಯಿಂದ ಹುಡುಗ ಬಾಯಿ ಬಿಟ್ಟ. "ಅಪ್ಪಾ, ಶೆಪರ್ಡ್ ಎಷ್ಟು ನೆಗೀತಾನೆ ಗೊತ್ತಾ? 42 ಇಂಚು."

ಯಾರೂ ನಂಬಲಿಲ್ಲ. ಫೋನ್ ತೆಗೆದು ತೋರಿಸಿದ. ಮೇ ತಿಂಗಳಲ್ಲಿ ಷಿಕಾಗೋದಲ್ಲಿ ಡ್ರಾಫ್ಟ್‌ಗೆ ಬರುವವರ ಮೈ ಅಳೆಯುತ್ತಾರೆ. ಅಲ್ಲಿ ಓಡಿ ಬಂದು ನೆಗೆದಾಗ ಶೆಪರ್ಡ್ ಮುಟ್ಟಿದ್ದು 42 ಇಂಚು, ಅಂದರೆ ಮೂರೂವರೆ ಅಡಿ. ಆ ವರ್ಷ ಅಳತೆಗೆ ನಿಂತವರಲ್ಲಿ ಅತಿ ಹೆಚ್ಚು ನೆಗೆದವರ ಸಾಲಿನಲ್ಲಿ ಅವನಿದ್ದ. ಅಷ್ಟೇ ಅಲ್ಲ, ಕೆಂಟಕಿಯಲ್ಲಿ ಪಂದ್ಯಕ್ಕೆ ಸರಾಸರಿ ಎರಡೂವರೆ ಸ್ಟೀಲ್. ಎದುರಾಳಿಯ ಕೈಯಿಂದ ಚೆಂಡು ಕಸಿಯುವುದು ಚಳಕವೋ, ಮೈಯ ವೇಗವೋ? ಹಾಸನದವನು ಈ ಪ್ರಶ್ನೆಗೆ ಚುರುಮುರಿ ತಿಂದ.

ಹುಡುಗ ಅಲ್ಲಿಗೇ ನಿಲ್ಲಿಸಲಿಲ್ಲ. ನನ್ನ ಕಡೆ ತಿರುಗಿ, "ಮಾವ, ಬಿಳಿ ಹುಡುಗ ಆದ್ರೆ ಎಲ್ಲರೂ ಅವನಿಗೆ ಬುದ್ಧಿ ಇದೆ, ಚಳಕ ಇದೆ ಅಂತಾರೆ. ಕಪ್ಪು ಹುಡುಗ ಆದ್ರೆ ಅವನ ಮೈ ನೋಡು ಅಂತಾರೆ. ಟಿವಿಯವರೂ ಹಾಗೇ, ನೀವೂ ಹಾಗೇ," ಅಂದ.

ಒಂದು ಕ್ಷಣ ಎಲ್ಲರೂ ಟಿವಿ ನೋಡಿದೆವು. ಹುಡುಗ ಹೇಳಿದ್ದು ಸರಿ ಅಂತ ನನಗೆ ಅವತ್ತೂ ಅನಿಸಿತು, ಈಗಲೂ ಅನಿಸುತ್ತದೆ. ಕ್ಯಾಸಲ್ ಎದುರಾಳಿ ಗಾರ್ಡ್‌ನ ಮುಂದೆ ಕಾಲು ಸರಿಸುತ್ತಾ ದಾರಿ ಮುಚ್ಚುತ್ತಾನಲ್ಲ, ಅದು ಹುಟ್ಟಿನಿಂದ ಬಂದ ಕಸುವು ಅಂತ ನಾವು ಪಕ್ಕಕ್ಕಿಡುತ್ತೇವೆ. ಅದನ್ನು ಕಲಿಯಲು ಎಷ್ಟು ಬೆವರು ಹರಿಸಿದನೋ ಯಾರೂ ಕೇಳುವುದಿಲ್ಲ. ಶೆಪರ್ಡ್‌ನ ತಂದೆ ಜೆಫ್ ಶೆಪರ್ಡ್ 1998ರಲ್ಲಿ ಕೆಂಟಕಿ ಚಾಂಪಿಯನ್ ಆದಾಗ ಕಾಲೇಜು ಟೂರ್ನಿಯ ಕೊನೆಯ ನಾಲ್ಕು ತಂಡಗಳ ಘಟ್ಟವಾದ ಫೈನಲ್ ಫೋರ್‌ನ ಅತ್ಯುತ್ತಮ ಆಟಗಾರ. ತಾಯಿಯೂ ಅದೇ ವಿಶ್ವವಿದ್ಯಾಲಯಕ್ಕೆ ಆಡಿದವಳು. ಇಷ್ಟೆಲ್ಲ ರಕ್ತದಲ್ಲೇ ಇದ್ದರೂ ಅವನನ್ನು ಮಾತ್ರ 'ಕಷ್ಟಪಟ್ಟು ಕಲಿತ ಹುಡುಗ' ಅನ್ನುತ್ತೇವೆ. ತಮಾಷೆ ಅಲ್ವಾ?

ನನಗೆ ಆ ರಾತ್ರಿ ಹೊಳೆದದ್ದು, ಮತ್ತು ನಾನು ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳದ ವಿಷಯ ಬೇರೆ ಇದೆ. ನೆಗೆತ ಬೇರೆ, ಮೈಯ ಉದ್ದ ಮತ್ತು ತೂಕ ಬೇರೆ. ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬಿ 'ಅಥ್ಲೀಟ್' ಅನ್ನುತ್ತೇವೆ. ಎನ್‌ಬಿಎಯಲ್ಲಿ ಚಿಕ್ಕ ಗಾರ್ಡ್‌ನನ್ನು ಹೇಗೆ ಹುರಿದು ಮುಕ್ಕುತ್ತಾರೆ ನೋಡಿ. ಅವನು ಯಾರನ್ನು ಕಾಯುತ್ತಿದ್ದಾನೋ ಆ ಆಟಗಾರನನ್ನೇ ಸ್ಕ್ರೀನ್ ಹಾಕಲು ಕರೆಯುತ್ತಾರೆ. ಅಂದರೆ ಚೆಂಡು ಹಿಡಿದವನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲಿಸುತ್ತಾರೆ. ಕಾಯುವವರಿಬ್ಬರೂ ಅದಲುಬದಲಾಗಬೇಕಾಗುತ್ತದೆ. ಈಗ 6 ಅಡಿ 8 ಇಂಚಿನ ಆಳು ಚೆಂಡು ಹಿಡಿದು ನಿಂತಿದ್ದಾನೆ, ಎದುರಿಗೆ ನಮ್ಮ ಚಿಕ್ಕವನು. 42 ಇಂಚು ನೆಗೆಯಲು ಓಡಿ ಬರಬೇಕು. ಅಲ್ಲಿ ಓಡಲು ಜಾಗ ಎಲ್ಲಿದೆ? ದೊಡ್ಡವನು ಭುಜ ತಾಗಿಸಿ ಎರಡು ಹೆಜ್ಜೆ ತಳ್ಳುತ್ತಾನೆ, ತಲೆಯ ಮೇಲಿಂದ ಹೊಡೆಯುತ್ತಾನೆ. ಚಳಕವೂ ಕೈ ಕೊಟ್ಟಿತು, ನೆಗೆತವೂ ಕೈ ಕೊಟ್ಟಿತು.

ಮರ್ಫಿಯ ಕಾಲದಲ್ಲಿ ಈ ಅದಲುಬದಲಿನ ಆಟ ಇಷ್ಟು ಇರಲಿಲ್ಲ ಅಂತ ಭಾವನಿಗೆ ಹೇಳಿ ನೋಡಿದೆ. ಹಳೆ ಹೀರೋಗಳ ಬಗ್ಗೆ ಭಾವನ ಹತ್ತಿರ ವಾದ ಮಾಡುವುದು ದಂಡ.

ಮುಂದೆ ಆದದ್ದು ಬೇಗ ಹೇಳಿಬಿಡುತ್ತೇನೆ. ರಾಕೆಟ್ಸ್ ಕೋಚ್ ಇಮೆ ಉಡೋಕಾ ಡಿಫೆನ್ಸ್ ಬಿಟ್ಟು ಬೇರೆ ದೇವರನ್ನು ಪೂಜಿಸದವರು. ಮೊದಲ ಸೀಸನ್‌ನಲ್ಲಿ ಶೆಪರ್ಡ್‌ಗೆ ಪಂದ್ಯಕ್ಕೆ ಸಿಕ್ಕಿದ್ದು ಸರಾಸರಿ ಹದಿಮೂರು ನಿಮಿಷವೂ ಇಲ್ಲ. ನಡುವೆ ಕೆಳಗಿನ ಲೀಗ್‌ನ ರಿಯೋ ಗ್ರಾಂಡೆ ವ್ಯಾಲಿ ವೈಪರ್ಸ್‌ಗೆ ಕಳಿಸಿದರು, ಅಲ್ಲಿ ಒಂದೇ ಪಂದ್ಯದಲ್ಲಿ 49 ಪಾಯಿಂಟ್ ಹೊಡೆದ. ಆ ವರ್ಷ ರಾಕೆಟ್ಸ್ 52 ಪಂದ್ಯ ಗೆದ್ದರು, ಅದರಲ್ಲಿ ಅವನ ಪಾಲು ಕಡಿಮೆ. ಕ್ಯಾಸಲ್ ವರ್ಷದ ಹೊಸಬ ಪ್ರಶಸ್ತಿ ಹೊಡೆದ, ಆದರೆ ಅವನ ತ್ರೀ ಪಾಯಿಂಟರ್ ಶೇಕಡಾ 30 ಮುಟ್ಟಲಿಲ್ಲ. ಪ್ರಶಸ್ತಿ ಬಂದ ದಿನ ಹಾಸನದವನು ಬೆಳಗ್ಗೆಯೇ ಭಾವನಿಗೆ ಫೋನ್ ಮಾಡಿದ. ಭಾವ ಎತ್ತಲಿಲ್ಲ.

ಪ್ಲೇ ಆಫ್‌ನಲ್ಲಿ ಗೋಲ್ಡನ್ ಸ್ಟೇಟ್ ವಿರುದ್ಧ ಏಳು ಪಂದ್ಯ ಆಡಿ ಸೋತೆವು. ಆ ಸರಣಿಯಲ್ಲಿ ನಮಗೆ ದೂರದಿಂದ ಹಾಕುವವರು ಬೇಕಿತ್ತು ಅಂತ ಭಾವ ಇವತ್ತಿಗೂ ಹೇಳುತ್ತಾನೆ. ಸುಳ್ಳೇನಲ್ಲ. ಆದರೆ ಎದುರಿಗೆ ದೂರದಿಂದ ಹಾಕುವುದರಲ್ಲಿ ಎತ್ತಿದ ಕೈ ಸ್ಟೆಫ್ ಕರಿ ಇದ್ದ. ನಮ್ಮ ಚಿಕ್ಕವನನ್ನು ಸ್ಕ್ರೀನ್‌ಗೆ ಎಳೆಯದೆ ಅವರು ಸುಮ್ಮನಿರುತ್ತಿದ್ದರಾ?

2025ರ ಸೆಪ್ಟೆಂಬರ್‌ನಲ್ಲಿ ನಮ್ಮ ತಂಡದ ಫ್ರೆಡ್ ವ್ಯಾನ್‌ವ್ಲೀಟ್‌ನ ಮಂಡಿಯ ಲಿಗಮೆಂಟ್ ಹರಿಯಿತು. ಅವನೂ ಚಿಕ್ಕ ಗಾರ್ಡೇ, ಆರಡಿ ಆಳು. ಆದರೆ ಗಟ್ಟಿ ಮೈ, ತಳ್ಳಿದರೆ ಅಲುಗಾಡುವುದಿಲ್ಲ. ಅವನ ಜಾಗ ಖಾಲಿಯಾದ ಮೇಲೆ ಶೆಪರ್ಡ್‌ಗೆ ನಿಮಿಷಗಳು ಸಿಗತೊಡಗಿದವು. ಈಗ ಮ್ಯಾಚ್ ನೋಡುವಾಗ ನನ್ನ ಅಳಿಯ ಪೆನ್ನು ಪೇಪರ್ ಹಿಡಿದು ಕೂರುತ್ತಾನೆ. ಎದುರಾಳಿಗಳು ಶೆಪರ್ಡ್‌ನನ್ನು ಎಷ್ಟು ಸಲ ಸ್ಕ್ರೀನ್‌ಗೆ ಎಳೆದರು, ಅದರಲ್ಲಿ ಎಷ್ಟು ಸಲ ಬುಟ್ಟಿ ಬಿತ್ತು ಅಂತ ಗೀಟು ಎಳೆಯುತ್ತಾನೆ. ಸಂಶಯ ಬಂದರೆ ಟಿವಿ ಹಿಂದಕ್ಕೆ ಓಡಿಸುತ್ತಾನೆ. "ಮ್ಯಾಚ್ ನೋಡೋಕೆ ಬಿಡೋ ಮಾರಾಯ" ಅಂತ ಭಾವ ರಿಮೋಟ್ ಕಿತ್ತುಕೊಳ್ಳಲು ಹೋಗುತ್ತಾನೆ. ಹಾಸನದವನು ಮಾತ್ರ ಪೇಪರ್ ಕಡೆ ಬಗ್ಗಿ, "ಎಷ್ಟಾಯ್ತೋ?" ಅಂತ ಕೇಳುತ್ತಾನೆ.